ಹೀಟ್ ಪಂಪ್ ಎಲ್ಲಿವರೆಗೆ, ಫರ್ನೇಸ್ ಎಲ್ಲಿಂದ? ಓದುಗರ ಪ್ರಶ್ನೆಗಳಿಗೆ ಉತ್ತರ

ಅಕ್ಟೋಬರ್ ಬಂತು ಅಂದ್ರೆ ಅಮೆರಿಕ, ಕೆನಡಾದಲ್ಲಿರೋ ನಮ್ಮ ಓದುಗರ ಪತ್ರಗಳಲ್ಲಿ ಮನೆ ಬೆಚ್ಚಗಿಡೋ ವಿಷಯಾನೇ ಜಾಸ್ತಿ ಇರತ್ತೆ. ಈ ಸಲ ಸುಮಾರು ಜನ ಒಂದೇ ವಿಷಯ ಕೇಳಿದೀರಿ, ಕರೆಂಟಲ್ಲಿ ಓಡೋ ಹೀಟ್ ಪಂಪ್ ಮತ್ತೆ ಗ್ಯಾಸ್ ಉರಿಸಿ ಮನೆ ಬಿಸಿ ಮಾಡೋ ಫರ್ನೇಸ್ ಎರಡನ್ನೂ ಒಂದೇ ಮನೇಲಿ ಜೋಡಿಸೋದು, ಇಲ್ಲಿಯವರು ಇದಕ್ಕೆ ಡ್ಯುಯಲ್ ಫ್ಯೂಯಲ್ ಅಂತಾರೆ, ಕೆಲವರು ಹೈಬ್ರಿಡ್ ಅಂತಾನೂ ಕರೀತಾರೆ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಇದಕ್ಕೇ ಬಿಟ್ಟಿದೀನಿ.

ಪ್ರಶ್ನೆ: ನಮಸ್ಕಾರ ಸಾರ್. ನಾವಿರೋದು ಶಿಕಾಗೋ ಹತ್ರ, 2004ರಲ್ಲಿ ಕಟ್ಟಿದ ಮನೆ, ಫರ್ನೇಸು ಏಸಿ ಎರಡೂ ಆಗಿನವೇ. ಫರ್ನೇಸ್ ಮೇಲೆ 1 ಲಕ್ಷ ಬಿಟಿಯು (ಶಾಖದ ಅಳತೆ), 80 ಪರ್ಸೆಂಟ್ ಅಂತ ಬರೆದಿದೆ. ಈ ಬೇಸಿಗೇಲಿ ಏಸಿ ಕೈಕೊಡ್ತು. ಒಬ್ಬ ಕಾಂಟ್ರಾಕ್ಟರ್ ಬಂದು ಏಸಿ ಬದಲು ಹೀಟ್ ಪಂಪ್ ಹಾಕಿಸಿ, ಫರ್ನೇಸೂ ಹೊಸದು ಹಾಕಿಸಿ ಅಂದ, ಇನ್ನೊಬ್ಬ ಬಂದು ಈ ಚಳಿಗೆ ಹೀಟ್ ಪಂಪ್ ನಡಿಯಲ್ಲ, ದುಡ್ಡು ದಂಡ ಅಂದ. ಯಾರ ಮಾತು ಕೇಳ್ಬೇಕು ಗೊತ್ತಾಗ್ತಿಲ್ಲ. ಕರೆಂಟ್ ಯೂನಿಟ್‌ಗೆ 15 ಸೆಂಟ್ ಬೀಳತ್ತೆ, ಗ್ಯಾಸ್ ಥರ್ಮ್‌ಗೆ 1 ಡಾಲರ್ 20 ಸೆಂಟ್. ಹೋದ ಜನವರೀಲಿ 170 ಥರ್ಮ್ ಗ್ಯಾಸ್ ಉರಿದಿದೆ, ಬೇಸಿಗೇಲಿ ಅಡುಗೆಗೆ ನೀರಿಗೆ ಅಂತ ತಿಂಗಳಿಗೆ 20 ಥರ್ಮ್ ಆಗತ್ತೆ. ಒಂದೇ ಮನೆಗೆ ಎರಡೆರಡು ಮೆಷಿನ್ ಯಾಕೆ ಬೇಕು ಸಾರ್?
— ಓದುಗರು, ನೇಪರ್‌ವಿಲ್, ಇಲಿನಾಯ್

ಉತ್ತರ: ನೀವು ಬಿಲ್ ಲೆಕ್ಕ ಸಮೇತ ಬರೆದಿದ್ದು ತುಂಬಾ ಒಳ್ಳೇದಾಯ್ತು, ಯಾಕಂದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಆ ಬಿಲ್ಲಲ್ಲೇ, ಇಬ್ಬರು ಕಾಂಟ್ರಾಕ್ಟರ್‌ಗಳ ಮಾತಲ್ಲಿ ಇಲ್ಲ.

ಮೊದಲು ನಡಿಯಲ್ಲ ಅನ್ನೋ ಮಾತು ತಗೊಳೋಣ. ಹೀಟ್ ಪಂಪ್ ಅಂದ್ರೆ ನಿಮ್ಮ ಏಸೀನೇ, ಒಳಗೆ ಒಂದು ರಿವರ್ಸಿಂಗ್ ವಾಲ್ವ್ ಜಾಸ್ತಿ ಇರತ್ತೆ ಅಷ್ಟೆ, ಬೇಸಿಗೇಲಿ ಮನೆ ಬಿಸಿ ತೆಗೆದು ಹೊರಗೆ ಹಾಕತ್ತೆ, ಚಳಿಗಾಲದಲ್ಲಿ ಆ ವಾಲ್ವ್ ತಿರುಗಿ ಹೊರಗಿನ ಬಿಸಿ ಒಳಗೆ ತರತ್ತೆ. ಹೊರಗೆ ಸೊನ್ನೆಗಿಂತ ಕೆಳಗಿದ್ರೆ ಅಲ್ಲಿ ಬಿಸಿ ಎಲ್ಲಿಂದ ಬರತ್ತೆ ಅಂತ ಎಲ್ರೂ ಕೇಳ್ತಾರೆ, ನ್ಯಾಯವಾದ ಪ್ರಶ್ನೆ. ಈ ಮೆಷಿನ್ನಿನ ಪೈಪ್ ಒಳಗೆ ಸುತ್ತೋಕೆ ಇಷ್ಟು ವರ್ಷ ಬಳಸ್ತಿದ್ದ ಆರ್-410ಎ ಗ್ಯಾಸು ಮಾಮೂಲಿ ಒತ್ತಡದಲ್ಲಿ ಮೈನಸ್ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲೇ ಕುದಿಯತ್ತೆ, ಈಗ ಬರ್ತಿರೋ ಆರ್-454ಬಿನೂ ಹೆಚ್ಚೂಕಮ್ಮಿ ಅಷ್ಟೇ. ಅಂಥ ಪದಾರ್ಥಕ್ಕೆ ಮೈನಸ್ 10ರ ಗಾಳೀನೂ ಬಿಸಿ ಒಲೆ ಇದ್ದ ಹಾಗೆ, ಅದರಿಂದ ಶಾಖ ಹೀರ್ಕೊಂಡು ಆವಿ ಆಗತ್ತೆ, ಕಂಪ್ರೆಸರ್ ಅದನ್ನ ಒತ್ತಿ ಇನ್ನಷ್ಟು ಬಿಸಿ ಮಾಡಿ ಒಳಗಿನ ಕಾಯಿಲ್‌ಗೆ ಕಳಿಸತ್ತೆ. ನಿಮ್ಮ ಅಡುಗೆಮನೆ ಫ್ರಿಜ್ ಹಿಂದೆ ಕೈಯಿಟ್ಟು ನೋಡಿ, ಬೆಚ್ಚಗಿರತ್ತಲ್ಲ, ಅದೇ ಕೆಲಸ. ಹಾಗಾಗಿ ಶಿಕಾಗೋದಲ್ಲಿ ನಡಿಯತ್ತೆ. ಆದ್ರೆ ಹೊರಗೆ ಚಳಿ ಜಾಸ್ತಿ ಆದಷ್ಟೂ ಅದು ಎಳೆದು ತರೋ ಬಿಸಿ ಕಮ್ಮಿ ಆಗ್ತಾ ಹೋಗತ್ತೆ, ಮನೆಗೆ ಬೇಕಾಗೋ ಬಿಸಿ ಜಾಸ್ತಿ ಆಗ್ತಾ ಹೋಗತ್ತೆ. ಈ ಎರಡು ಗೆರೆ ಒಂದು ಕಡೆ ಕತ್ತರಿಸ್ಕೊಳತ್ತೆ. ಅಲ್ಲಿಂದ ಕೆಳಗೆ ಇನ್ನೊಬ್ಬರು ಕೈಜೋಡಿಸ್ಬೇಕು, ಅದಕ್ಕೇ ಫರ್ನೇಸು.

ಆ ಕತ್ತರಿ ನಿಮ್ಮ ಮನೇಲಿ ಎಲ್ಲಿದೆ? ಒಂದು ಕಾಗದ ತಗೊಳಿ. ಜನವರಿಯ 170 ಥರ್ಮ್‌ನಲ್ಲಿ ನೀರು ಅಡುಗೆಯ 20 ತೆಗೀರಿ, 150 ಉಳಿಯತ್ತೆ. ನಿಮ್ಮ ಫರ್ನೇಸ್ 80 ಪರ್ಸೆಂಟ್‌ದು, ಉಳಿದ 20 ಹೊಗೆ ಕೊಳವೇಲಿ ಹೋಗತ್ತೆ, ಅಂದ್ರೆ ಮನೆಗೆ ಸಿಕ್ಕಿದ್ದು 120 ಥರ್ಮ್. ಒಂದು ಥರ್ಮ್ ಅಂದ್ರೆ 1 ಲಕ್ಷ ಬಿಟಿಯು, ಒಟ್ಟು 1 ಕೋಟಿ 20 ಲಕ್ಷ ಆಯ್ತು, ತಿಂಗಳಲ್ಲಿ 744 ಗಂಟೆ, ಭಾಗಿಸಿದ್ರೆ ಗಂಟೆಗೆ ಸರಾಸರಿ 16 ಸಾವಿರ ಬಿಟಿಯು. ನಿಮ್ಮ ಕಡೆ ಜನವರಿ ಸರಾಸರಿ 25 ಡಿಗ್ರಿ ಫ್ಯಾರನ್‌ಹೀಟ್ ಅಂತ ಇಟ್ಕೊಳೋಣ, ಹೊರಗೆ 65 ಇದ್ದಾಗ ಸಾಮಾನ್ಯವಾಗಿ ಮನೆಗೆ ಹೀಟಿಂಗ್ ಬೇಕಾಗಲ್ಲ, ವ್ಯತ್ಯಾಸ 40 ಡಿಗ್ರಿ. 16 ಸಾವಿರಾನ 40ರಿಂದ ಭಾಗಿಸಿ, ಹೊರಗೆ ಒಂದೊಂದು ಡಿಗ್ರಿ ಇಳಿದಾಗ್ಲೂ ನಿಮ್ಮ ಮನೆಗೆ ಗಂಟೆಗೆ 400 ಬಿಟಿಯು ಜಾಸ್ತಿ ಬೇಕು. ಈ 400 ಅನ್ನೋ ಸಂಖ್ಯೆ ಬರೆದಿಟ್ಕೊಳಿ, ಇದು ನಿಮ್ಮ ಮನೆಯ ಜಾತಕ ಇದ್ದ ಹಾಗೆ.

ಹೊರಗೆ 17 ಡಿಗ್ರಿ ಇದ್ರೆ 48ನ್ನ 400ರಿಂದ ಗುಣಿಸಿ, 19 ಸಾವಿರ ಚಿಲ್ಲರೆ. ಮೂರು ಟನ್ನಿನ ಮಾಮೂಲಿ ಹೀಟ್ ಪಂಪ್ 17 ಡಿಗ್ರೀಲಿ 20 ಸಾವಿರದ ಆಸುಪಾಸು ಕೊಡತ್ತೆ, ಕಂಪನಿ ಪೇಪರಲ್ಲಿ 47 ಡಿಗ್ರಿಗೆ ಎಷ್ಟು, 17 ಡಿಗ್ರಿಗೆ ಎಷ್ಟು ಅಂತ ಎರಡೂ ಇರತ್ತೆ, ಕೊಟೇಶನ್ ಜೊತೆ ಅದನ್ನ ಕೇಳಿ ಇಸ್ಕೊಳಿ. ಅಂದ್ರೆ 17ರವರೆಗೂ ಫರ್ನೇಸ್ ಮುಟ್ಟದೇ ಹೀಟ್ ಪಂಪ್ ಒಂದೇ ನಿಮ್ಮನೆ ನಿಭಾಯಿಸತ್ತೆ. ನಡಿಯಲ್ಲ ಅಂದ ಕಾಂಟ್ರಾಕ್ಟರ್‌ಗೆ ಇಷ್ಟು ಹೇಳಿದ್ರೆ ಸಾಕು.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಆಚೆ ಬರತ್ತೆ ನೋಡಿ, ನನಗೆ ಇದು ತುಂಬಾ ಮುಖ್ಯ ಅನ್ಸತ್ತೆ. ಸೊನ್ನೆ ಫ್ಯಾರನ್‌ಹೀಟಲ್ಲಿ ನಿಮಗೆ ಬೇಕಾಗೋದು 26 ಸಾವಿರ ಬಿಟಿಯು. 2019ರ ಜನವರಿ 30ಕ್ಕೆ ಒಹೇರ್ ಏರ್‌ಪೋರ್ಟಲ್ಲಿ ಮೈನಸ್ 23ಕ್ಕೆ ಇಳಿದಿತ್ತಲ್ಲ, ಆ ದಿನಕ್ಕೂ 35 ಸಾವಿರ ಸಾಕು. ನಿಮ್ಮ ಹತ್ರ ಇರೋದು 1 ಲಕ್ಷದ ಫರ್ನೇಸು! ಅದಕ್ಕೇ ಅದು ಐದು ನಿಮಿಷ ಭರ್ರಂತ ಉರಿದು ಆಫ್ ಆಗತ್ತೆ, ಒಂದು ರೂಮು ಸೆಕೆ ಇನ್ನೊಂದು ರೂಮು ಥಂಡಿ ಅನ್ನೋದು ನಿಮ್ಮನೇಲಿ ಇದ್ದೇ ಇರತ್ತೆ ಅಂದ್ಕೊಂಡಿದೀನಿ. ಹೊಸ ಫರ್ನೇಸ್ ಹಾಕ್ಸಿದ್ರೆ 95 ಪರ್ಸೆಂಟಿನ 40 ಸಾವಿರದ್ದು ಲೆಕ್ಕಕ್ಕೆ ಸರಿಹೋಗತ್ತೆ, ಧೈರ್ಯ ಸಾಲದಿದ್ರೆ 60 ಸಾವಿರದ್ದು ಹಾಕ್ಸಿ, ಅದರ ಮೇಲೆ ಬೇಡವೇ ಬೇಡ. ಹಳೇ ಸೈಜ್ ನೋಡಿ ಅದೇ ಸೈಜ್ ಬರೆದುಕೊಡೋ ಕಾಂಟ್ರಾಕ್ಟರ್ ಆದ್ರೆ ಮ್ಯಾನ್ಯುಯಲ್ ಜೆ ಲೆಕ್ಕ ಮಾಡಿದೀರಾ ಅಂತ ಕೇಳಿ. ಕಿಟಕಿ, ಗೋಡೆ, ಅಟಿಕ್ ಇನ್ಸುಲೇಶನ್ ಎಲ್ಲ ಅಳೆದು ಮಾಡೋ ಲೆಕ್ಕ ಅದು, ಮಾಡದೇ ಇದ್ದೋರಿಗೆ ಕೆಲಸ ಕೊಡ್ಬೇಡಿ.

ಇನ್ನು ದುಡ್ಡಿನ ವಿಷಯ. ಮೆಷಿನ್ ಕೈಲಾಗೋ ಗಡಿ ಬೇರೆ, ದುಡ್ಡಿನ ಗಡಿ ಬೇರೆ. ಒಂದು ಥರ್ಮ್ ಗ್ಯಾಸಲ್ಲಿ 29.3 ಯೂನಿಟ್‌ನಷ್ಟು ಶಾಖ ಇದೆ, ಯೂನಿಟ್ ಅಂದ್ರೆ ಕಿಲೋವ್ಯಾಟ್ ಅವರ್, 95 ಪರ್ಸೆಂಟ್ ಫರ್ನೇಸ್ ಆದ್ರೆ ಮನೆಗೆ 27.8 ಸಿಗತ್ತೆ. 1 ಡಾಲರ್ 20 ಸೆಂಟನ್ನ ಅದರಿಂದ ಭಾಗಿಸಿ, ಫರ್ನೇಸಿಂದ ಒಂದು ಯೂನಿಟ್ ಶಾಖಕ್ಕೆ 4.3 ಸೆಂಟ್. ಹೀಟ್ ಪಂಪ್ ಒಂದು ಯೂನಿಟ್ ಕರೆಂಟ್ ತಿಂದು ಎಷ್ಟು ಯೂನಿಟ್ ಶಾಖ ಕೊಡತ್ತೋ ಅದಕ್ಕೆ ಸಿಒಪಿ ಅಂತಾರೆ, 47 ಡಿಗ್ರೀಲಿ ಮೂರೂವರೆ, 17ರಲ್ಲಿ ಎರಡು ಚಿಲ್ಲರೆ, ಒಳ್ಳೇ ಮೆಷಿನ್‌ದು ಹೆಚ್ಚೂಕಮ್ಮಿ ಹೀಗಿರತ್ತೆ. ನಿಮ್ಮ 15 ಸೆಂಟನ್ನ 4.3ರಿಂದ ಭಾಗಿಸಿದ್ರೆ ಸುಮಾರು ಮೂರೂವರೆ. ಅಂದ್ರೆ ಇವತ್ತಿನ ದರಕ್ಕೆ 45 ಡಿಗ್ರಿ ಆಸುಪಾಸಿಂದ ಮೇಲೆ ಹೀಟ್ ಪಂಪ್ ಅಗ್ಗ, ಕೆಳಗೆ ಗ್ಯಾಸ್ ಅಗ್ಗ. ಇದನ್ನ ನಾನು ಮುಚ್ಚಿಡಲ್ಲ, ನಿಮ್ಮ ಕಡೆ ಗ್ಯಾಸ್ ಅಗ್ಗ ಇರೋದ್ರಿಂದ ಬರೀ ದುಡ್ಡು ನೋಡಿದ್ರೆ ಹೀಟ್ ಪಂಪಿಗೆ ಅಕ್ಟೋಬರ್, ನವೆಂಬರ್ ಶುರು, ಆಮೇಲೆ ಏಪ್ರಿಲ್, ಮೇ, ಇಷ್ಟೇ ಕೆಲಸ.

ಹಾಗಿದ್ರೂ ನಾನಾಗಿದ್ರೆ ಹಾಕಿಸ್ತಿದ್ದೆ. ಯಾಕಂದ್ರೆ ಏಸಿ ಹೇಗೂ ಹೊಸದು ಬೇಕು ನಿಮಗೆ. ಅದೇ ಸೈಜಿನ ಏಸಿಗೂ ಹೀಟ್ ಪಂಪಿಗೂ ಕೊಟೇಶನ್‌ನಲ್ಲಿ ವ್ಯತ್ಯಾಸ ಎಷ್ಟು ಅಂತ ಮಾತ್ರ ನೋಡಿ, ಪೂರ್ತಿ ಬೆಲೆ ನೋಡ್ಬೇಡಿ. ಒಂದು ಸಾವಿರ, ಒಂದೂವರೆ ಸಾವಿರ ಡಾಲರ್ ಒಳಗಿದ್ರೆ ಧಾರಾಳವಾಗಿ ಹಾಕ್ಸಿ. ಈ ಮೆಷಿನ್ ನಿಮ್ಮನೇಲಿ ಹದಿನೈದು ವರ್ಷ ಇರತ್ತೆ, ಅಷ್ಟು ವರ್ಷ ಗ್ಯಾಸ್ ದರ ಹೀಗೇ ಇರತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ, ಗ್ಯಾಸ್ ಏರಿದ ದಿನ ಗೋಡೆ ಮೇಲಿನ ಥರ್ಮೋಸ್ಟಾಟಲ್ಲಿ, ಹೀಟ್ ಪಂಪಿಂದ ಫರ್ನೇಸಿಗೆ ಎಷ್ಟು ಡಿಗ್ರೀಲಿ ತಿರುಗ್ಬೇಕು ಅನ್ನೋ ಒಂದು ಸಂಖ್ಯೆ ಬದಲಾಯಿಸಿದ್ರೆ ಮುಗೀತು. ಕೆಲವು ಕಡೆ ಎಲೆಕ್ಟ್ರಿಕ್ ಹೀಟಿಂಗ್ ಇರೋ ಮನೆಗೆ ಕರೆಂಟ್ ದರಾನೇ ಬೇರೆ ಇರತ್ತೆ, ಅದನ್ನೂ ವಿಚಾರಿಸಿ. ಒಂದೇ ಬೇಜಾರು ಅಂದ್ರೆ ಫೆಡರಲ್ ಟ್ಯಾಕ್ಸ್ ಕ್ರೆಡಿಟ್, ಹೀಟ್ ಪಂಪಿಗೆ 30 ಪರ್ಸೆಂಟ್, 2,000 ಡಾಲರ್‌ವರೆಗೆ ಸಿಗ್ತಿತ್ತು, 2025ರ ಜುಲೈಯಲ್ಲಿ ಬಂದ ಕಾನೂನಿಂದ ಅದು 2025ರ ಡಿಸೆಂಬರ್ 31ಕ್ಕೆ ನಿಂತೋಯ್ತು. ರಾಜ್ಯದ್ದು, ಕರೆಂಟ್ ಕಂಪನಿದು ರಿಬೇಟ್ ಇದ್ರೆ ಸಿಗಬಹುದು, ಸಹಿ ಹಾಕೋ ಮುಂಚೆ ಕೇಳಿ, ಹಾಕಿದ ಮೇಲೆ ಕೇಳಿದ್ರೆ ಕೆಲವರು ಕೊಡಲ್ಲ.

ಪ್ರಶ್ನೆ: ಸಾರ್, ನಮ್ಮನೇಲಿ ಹೀಟ್ ಪಂಪ್ ಪ್ಲಸ್ ಗ್ಯಾಸ್ ಫರ್ನೇಸ್ ಹಾಕ್ಸಿ ಎರಡು ಚಳಿಗಾಲ ಆಯ್ತು. ಗ್ಯಾಸ್ ಬಿಲ್ ಇಳಿಯತ್ತೆ ಅಂದಿದ್ರು, ಇಳಿದೇ ಇಲ್ಲ. ಬೆಳಿಗ್ಗೆ ಎದ್ದು ಫೋನಲ್ಲಿ ನೋಡಿದ್ರೆ ಆಕ್ಸ್ ಹೀಟ್, ಅಂದ್ರೆ ಫರ್ನೇಸ್ ಓಡ್ತಿದೆ ಅಂತ ತೋರಿಸ್ತಿರತ್ತೆ. ರಾತ್ರಿ 62ಕ್ಕೆ ಇಳಿಸಿ ಮಲಗ್ತೀವಿ, ಬೆಳಿಗ್ಗೆ 6ಕ್ಕೆ 70ಕ್ಕೆ ಏರೋ ಹಾಗೆ ಇಟ್ಟಿದೀವಿ. ಕರೆಂಟ್ 13 ಸೆಂಟ್, ಗ್ಯಾಸ್ 1 ಡಾಲರ್ 50 ಸೆಂಟ್. ಮೋಸ ಹೋದ್ವಾ?
— ಓದುಗರು, ಕೇರಿ, ಉತ್ತರ ಕೆರೊಲೈನಾ

ಉತ್ತರ: ಮೋಸ ಅನ್ಬೇಡಿ, ಮೆಷಿನ್ ಚೆನ್ನಾಗೇ ಇದೆ, ಅದನ್ನ ದುಡಿಯೋಕೆ ಬಿಟ್ಟಿಲ್ಲ ಅಷ್ಟೆ. ನಾನಿರೋದೂ ನಿಮ್ಮ ರಾಜ್ಯದಲ್ಲೇ, ನಮ್ಮನೇಲೂ ಇದೇ ಆಗಿತ್ತು. ಹಾಕಿಹೋದವರು ಥರ್ಮೋಸ್ಟಾಟಿನ ಇನ್‌ಸ್ಟಾಲರ್ ಮೆನುವಲ್ಲಿ ಕಂಪ್ರೆಸರ್ ಲಾಕೌಟ್ ಅನ್ನೋದನ್ನ 40 ಡಿಗ್ರಿಗೆ ಇಟ್ಟು ಹೋಗಿದ್ರು, ಹೊರಗೆ 40ಕ್ಕಿಂತ ಕೆಳಗಾದ್ರೆ ಹೀಟ್ ಪಂಪ್ ಬಂದ್, ಗ್ಯಾಸ್ ಶುರು. ನಮ್ಮ ಕಡೆ ಜನವರಿಯ ಸರಾಸರೀನೇ 40ರ ಆಸುಪಾಸು, ರಾತ್ರಿ ಪೂರ್ತಿ ಅದಕ್ಕಿಂತ ಕೆಳಗೇ ಇರತ್ತೆ, ಅಂದ್ರೆ ಮನೆಗೆ ನಿಜವಾಗಿ ಶಾಖ ಬೇಕಾಗೋ ಹೊತ್ತಲ್ಲೆಲ್ಲ ಗ್ಯಾಸೇ ಉರೀತಿತ್ತು. ಇಷ್ಟು ದುಡ್ಡು ಕೊಟ್ಟು ತಂದ ಹೀಟ್ ಪಂಪ್ ಹೊರಗೆ ಸುಮ್ಮನೆ ನಿಂತಿತ್ತು. ಒಂದು ಇಡೀ ಚಳಿಗಾಲ ಆದ್ಮೇಲೆ ನನಗೆ ಗೊತ್ತಾಗಿದ್ದು, ಆ ಸಂಕಟಕ್ಕೇ ನಾನು ಈ ವಿಷಯದ ಬಗ್ಗೆ ಇಷ್ಟು ಬರೆಯೋದು.

ಮೇಲೆ ಶಿಕಾಗೋ ಓದುಗರಿಗೆ ಮಾಡಿದ ಲೆಕ್ಕಾನೇ ನಿಮಗೂ ಮಾಡೋಣ. 1 ಡಾಲರ್ 50ನ್ನ 27.8ರಿಂದ ಭಾಗಿಸಿದ್ರೆ 5.4 ಸೆಂಟ್, ನಿಮ್ಮ 13ನ್ನ ಅದರಿಂದ ಭಾಗಿಸಿ, 2.4 ಬಂತು. ಸಿಒಪಿ 2.4ರವರೆಗೂ ಹೀಟ್ ಪಂಪೇ ಅಗ್ಗ, ಅದು ಬರೋದು 20ರಿಂದ 25 ಡಿಗ್ರಿ ಮಧ್ಯೆ. ಅದೇ ಮೆಷಿನ್ನು, ಶಿಕಾಗೋದವರಿಗೆ ಗಡಿ 45, ನಿಮಗೆ 25! ಊರಿಂದ ಊರಿಗೆ ಇಷ್ಟು ವ್ಯತ್ಯಾಸ ಇರೋವಾಗ ಎಲ್ಲರ ಮನೆಗೂ 40 ಅಂತ ಇಡೋದು ತಪ್ಪು, ಆದ್ರೆ ಎಷ್ಟೋ ಮನೇಲಿ ಹಾಗೇ ಇರತ್ತೆ. ನಿಮ್ಮದನ್ನ ಮೊದಲು 30ಕ್ಕೆ ಇಳಿಸಿ ಒಂದು ವಾರ ನೋಡಿ, ಮನೆ 70 ಹಿಡ್ಕೊಂಡಿದ್ರೆ 25ಕ್ಕೆ ತನ್ನಿ. ಹೊರಗಿನ ಟೆಂಪರೇಚರ್ ಥರ್ಮೋಸ್ಟಾಟಿಗೆ ಎಲ್ಲಿಂದ ಬರತ್ತೆ ಅನ್ನೋದನ್ನೂ ನೋಡ್ಕೊಳಿ, ಕೆಲವು ಇಂಟರ್‌ನೆಟ್ಟಲ್ಲಿ ಹತ್ತಿರದ ಊರಿನ ಹವಾಮಾನ ತಗೊಳತ್ತೆ, ಕೆಲವಕ್ಕೆ ಗೋಡೆ ಆಚೆ ಸೆನ್ಸರ್ ಇರತ್ತೆ, ಆ ಸೆನ್ಸರ್ ಬಿಸಿಲು ಬೀಳೋ ಕಡೆ ಇದ್ರೆ ಮಧ್ಯಾಹ್ನ ಸುಳ್ಳು ಹೇಳತ್ತೆ.

ಒಂದು ಎಚ್ಚರಿಕೆ. ದರ ಹಾಕುವಾಗ ಒಟ್ಟು ಬಿಲ್ಲನ್ನ ಯೂನಿಟ್ಟಿಂದ ಭಾಗಿಸ್ಬೇಡಿ. ಬಿಲ್ಲಲ್ಲಿ ಪ್ರತಿ ತಿಂಗಳ ಫಿಕ್ಸೆಡ್ ಚಾರ್ಜ್ ಇರತ್ತೆ, ಒಂದು ಯೂನಿಟ್ ಉರಿಸದಿದ್ರೂ ಕಟ್ಟೋದು, ಅದನ್ನ ಬಿಟ್ಟು ಯೂನಿಟ್ ಲೆಕ್ಕದಲ್ಲಿ ಏರೋ ಎಲ್ಲಾ ಸಾಲುಗಳನ್ನೂ ಕೂಡಿ, ಸಪ್ಲೈ, ಡೆಲಿವರಿ, ಟ್ಯಾಕ್ಸ್ ಎಲ್ಲ. ಇದೊಂದು ತಪ್ಪಿದ್ರೆ ಗಡಿ ಹತ್ತು ಡಿಗ್ರಿ ಆಚೀಚೆ ಹೋಗತ್ತೆ.

ಇನ್ನೊಂದು ನೀವೇ ಮಾಡ್ಕೊಂಡಿರೋದು, ರಾತ್ರಿ 62 ಬೆಳಿಗ್ಗೆ 70. ಬರೀ ಫರ್ನೇಸ್ ಇದ್ದ ಕಾಲದಲ್ಲಿ ಇದು ಒಳ್ಳೇ ಅಭ್ಯಾಸ. ಈಗ ಬೆಳಿಗ್ಗೆ 6ಕ್ಕೆ ಥರ್ಮೋಸ್ಟಾಟ್ ನೋಡತ್ತೆ, 8 ಡಿಗ್ರಿ ಏರಿಸ್ಬೇಕು, ಹೀಟ್ ಪಂಪ್ ನಿಧಾನಕ್ಕೆ ಏರಿಸೋ ಮೆಷಿನ್, ಇದು ಆಗಲ್ಲ ಅಂತ ಫರ್ನೇಸ್ ಕರೀತದೆ, ಅದೂ ದಿನದ ಅತಿ ಚಳಿ ಹೊತ್ತಲ್ಲಿ. ರಾತ್ರಿ ಎರಡು ಡಿಗ್ರಿಗಿಂತ ಜಾಸ್ತಿ ಇಳಿಸ್ಬೇಡಿ, 68, 70 ಸಾಕು. ಹೀಟ್ ಪಂಪ್ ಸಣ್ಣ ಉರಿಯಲ್ಲಿ ಇಟ್ಟ ಹುರುಳಿಕಟ್ಟಿನ ಸಾರಿನ ಹಾಗೆ, ಹೊತ್ತು ಕೊಟ್ಟು ಬಿಡಬೇಕು. ಫೋನಲ್ಲಿ ಆಕ್ಸ್ ಎಷ್ಟು ಗಂಟೆ ಓಡ್ತು ಅಂತ ಬರತ್ತಲ್ಲ, ಈ ಎರಡು ಬದಲಾವಣೆ ಮಾಡಿ ಒಂದು ತಿಂಗಳು ಬಿಟ್ಟು ಬರೀರಿ, ನನಗೆ ಖುಷಿ ಆಗತ್ತೆ.

ಪ್ರಶ್ನೆ: ತುಮಕೂರಿಂದ ನಮ್ಮ ಅತ್ತೆ ಬಂದಿದಾರೆ. ಹೊಸಾ ಹೀಟ್ ಪಂಪ್ ಹಾಕ್ಸಿದೀವಿ, ವೆಂಟ್ ಕೆಳಗೆ ಕೈಯಿಟ್ಟು ಇದೇನಮ್ಮ ತಣ್ಣಗೆ ಬರ್ತಿದೆ ಗಾಳಿ ಅಂತಾರೆ, ಮೊನ್ನೆ ಬೆಳಿಗ್ಗೆ ಹೊರಗಿನ ಯೂನಿಟ್ಟಿಂದ ಬುಸುಬುಸು ಅಂತ ಹೊಗೆ ಬಂದಿದ್ದು ನೋಡಿ ಹೆದರಿಬಿಟ್ರು. ಕೆಟ್ಟೋಗಿದ್ಯಾ? ಇನ್ನೊಂದು, 2021ರ ಫೆಬ್ರವರೀಲಿ ಇಲ್ಲಿ ದಿನಗಟ್ಟಲೆ ಕರೆಂಟ್ ಇರ್ಲಿಲ್ಲ, ಈಗ ಗ್ಯಾಸ್ ಫರ್ನೇಸೂ ಇದೆಯಲ್ಲ, ಕರೆಂಟ್ ಹೋದ್ರೆ ಅದು ಕಾಪಾಡತ್ತಾ?
— ಓದುಗರು, ಫ್ರಿಸ್ಕೊ, ಟೆಕ್ಸಸ್

ಉತ್ತರ: ಅತ್ತೆಯವರಿಗೆ ಹೆದರಬೇಡಿ ಅಂತ ಹೇಳಿ, ಎರಡೂ ಸರಿಯಾಗೇ ಇದೆ. ಫರ್ನೇಸಿಂದ ಬರೋ ಗಾಳಿ 120, 130 ಡಿಗ್ರಿ ಫ್ಯಾರನ್‌ಹೀಟ್ ಇರತ್ತೆ, ಹೀಟ್ ಪಂಪ್‌ದು 95, 100. ನಮ್ಮ ಮೈಬಿಸೀನೇ 98, ಅದಕ್ಕೇ ಗಾಳಿ ಬೀಸ್ತಾ ಇದ್ರೆ ಕೈಗೆ ತಣ್ಣಗೆ ಅನ್ಸತ್ತೆ, ಆದ್ರೆ ರೂಮು 70 ಇರೋವಾಗ 95ರ ಗಾಳಿ ಬರ್ತಿದ್ರೆ ರೂಮು ಬಿಸಿ ಆಗ್ಲೇಬೇಕು. ಕೈ ನಂಬಬೇಡಿ, ಗೋಡೆ ಮೇಲಿನ ನಂಬರ್ ನಂಬಿ. ಅತ್ತೆಯವರು ಕೂರೋ ಕುರ್ಚಿ ವೆಂಟ್ ಕೆಳಗೇ ಇದ್ರೆ ಅದನ್ನ ಸ್ವಲ್ಪ ಸರಿಸಿ, ವಯಸ್ಸಾದವರಿಗೆ ಬೀಸೋ ಗಾಳಿ ಆಗಲ್ಲ. ಅವರಿಗೆ ತೀರಾ ಕಷ್ಟ ಆದ್ರೆ ಅವರು ಇರೋವರೆಗೆ ಲಾಕೌಟನ್ನ ಈಗಿರೋದಕ್ಕಿಂತ 5 ಡಿಗ್ರಿ ಏರಿಸಿ ಫರ್ನೇಸ್ ಜಾಸ್ತಿ ಓಡೋ ಹಾಗೆ ಮಾಡಿ, ನಾಲ್ಕು ಡಾಲರ್ ಹೆಚ್ಚು ಹೋಗ್ಲಿ, ಪರವಾಗಿಲ್ಲ.

ಆ ಹೊಗೆ ಹೊಗೆಯಲ್ಲ, ಹಬೆ. ಚಳೀಲಿ ಹೊರಗಿನ ಕಾಯಿಲ್ ಮೇಲೆ ಹಿಮ ಕಟ್ಟತ್ತೆ, ಅದನ್ನ ಕರಗಿಸೋಕೆ ಮೆಷಿನ್ ಸ್ವಲ್ಪ ನಿಮಿಷ ಉಲ್ಟಾ ತಿರುಗಿ ಬಿಸೀನ ಹೊರಗಿನ ಕಾಯಿಲ್‌ಗೆ ಕಳಿಸತ್ತೆ, ಫ್ಯಾನ್ ನಿಲ್ಲತ್ತೆ, ಹಬೆ ಏಳತ್ತೆ, ಮುಗಿದ್ಮೇಲೆ ಟಪ್ ಅಂತ ವಾಲ್ವ್ ಸದ್ದಾಗಿ ಮತ್ತೆ ಶುರು. ಡಿಫ್ರಾಸ್ಟ್ ಅಂತಾರೆ. ಆ ಹೊತ್ತಲ್ಲಿ ಒಳಗೆ ತಣ್ಣನೆ ಗಾಳಿ ಬೀಸದಿರ್ಲಿ ಅಂತ ಫರ್ನೇಸ್ ಹೊತ್ತಿಕೊಳತ್ತೆ, ಜೋಡಿ ಮೆಷಿನ್ನಿನ ಒಂದು ಸುಖ ಇದು. ಹಿಮ ಕರಗದೇ ದಿನಗಟ್ಟಲೆ ಗಟ್ಟಿಯಾಗಿ ನಿಂತಿದ್ರೆ ಮಾತ್ರ ರಿಪೇರಿಯವರನ್ನ ಕರೀರಿ.

ಎರಡನೇ ಪ್ರಶ್ನೆಗೆ ಉತ್ತರ, ಇಲ್ಲ, ಕಾಪಾಡಲ್ಲ. ಗ್ಯಾಸ್ ಫರ್ನೇಸಿಗೂ ಕರೆಂಟ್ ಬೇಕು, ಬ್ಲೋವರ್, ಇಗ್ನೈಟರ್, ಕಂಟ್ರೋಲ್ ಬೋರ್ಡ್ ಎಲ್ಲಾ ಕರೆಂಟಲ್ಲೇ ನಡಿಯೋದು, ಎಷ್ಟೋ ಜನಕ್ಕೆ ಆ ಫೆಬ್ರವರೀಲೇ ಇದು ಗೊತ್ತಾಗಿದ್ದು. ಆದ್ರೆ ಹೀಟ್ ಪಂಪಿಗೆ ಸಾವಿರಾರು ವ್ಯಾಟ್ ಬೇಕಾದ್ರೆ ಫರ್ನೇಸಿಗೆ ಕೆಲವು ನೂರು ವ್ಯಾಟ್ ಸಾಕು, ಹಾಗಾಗಿ ಸಣ್ಣ ಜನರೇಟರ್ ಅಥವಾ ಬ್ಯಾಟರಿ ಇದ್ರೆ ಓಡಿಸ್ಬಹುದು, ಎಲೆಕ್ಟ್ರಿಶಿಯನ್ ಕೈಲಿ ಮೊದಲೇ ಸರಿಯಾದ ಸ್ವಿಚ್ ಹಾಕ್ಸಿಟ್ಕೊಳಿ. ಜನರೇಟರ್ ಯಾವತ್ತೂ ಮನೆ ಆಚೆ, ಕಿಟಕಿಯಿಂದ ದೂರ. ಗ್ಯಾರೇಜಲ್ಲಿ ಬಾಗಿಲು ತೆಗೆದಿಟ್ರೂ ಬೇಡ. ಆ ಫೆಬ್ರವರಿಯ ಹಿಮಬಿರುಗಾಳೀಲಿ ಮನೆ ಒಳಗೆ ಇದ್ದಿಲು ಹಾಕಿ, ಗ್ಯಾರೇಜಲ್ಲಿ ಕಾರ್ ಓಡಿಸಿ ಬೆಚ್ಚಗಾಗೋಕೆ ಹೋಗಿ ಕಾರ್ಬನ್ ಮೊನಾಕ್ಸೈಡ್‌ನಿಂದ ಜನ ಸತ್ರು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಗ್ಯಾಸ್ ಉರಿಸೋ ಪ್ರತಿ ಮನೇಲಿ ಮಲಗೋ ರೂಮಿನ ಹತ್ರ ಸಿಒ ಅಲಾರಂ ಇರಲೇಬೇಕು, ಇವತ್ತೇ ಹೋಗಿ ಬಟನ್ ಒತ್ತಿ ಟೆಸ್ಟ್ ಮಾಡಿ.

ಪ್ರಶ್ನೆ: ನಮ್ಮೂರಲ್ಲಿ ಪೈಪ್ ಗ್ಯಾಸ್ ಇಲ್ಲ, ಪ್ರೊಪೇನ್ ಟ್ಯಾಂಕ್. ಗ್ಯಾಲನ್‌ಗೆ 3 ಡಾಲರ್, ಕರೆಂಟ್ 16 ಸೆಂಟ್. ನಮಗೂ ಇದು ಆಗತ್ತಾ?
— ಓದುಗರು, ಪೆನ್ಸಿಲ್ವೇನಿಯಾ

ಉತ್ತರ: ನಿಮಗೇ ಎಲ್ಲರಿಗಿಂತ ಹೆಚ್ಚು ಲಾಭ. ಒಂದು ಗ್ಯಾಲನ್ ಪ್ರೊಪೇನಲ್ಲಿ ಸುಮಾರು 91,500 ಬಿಟಿಯು, ಅಂದ್ರೆ 26.8 ಯೂನಿಟ್, 95 ಪರ್ಸೆಂಟ್ ಫರ್ನೇಸಲ್ಲಿ 25.5 ಸಿಗತ್ತೆ, ಯೂನಿಟ್ ಶಾಖಕ್ಕೆ ಹತ್ತಿರ ಹತ್ತಿರ 12 ಸೆಂಟ್. ನಿಮ್ಮ ಗಡಿ ಸಿಒಪಿ 1.4 ಕೂಡ ಇಲ್ಲ. ಸರಿಯಾದ ಕೋಲ್ಡ್ ಕ್ಲೈಮೇಟ್ ಹೀಟ್ ಪಂಪ್ ಸೊನ್ನೆ ಫ್ಯಾರನ್‌ಹೀಟಲ್ಲೂ ಅದಕ್ಕಿಂತ ಜಾಸ್ತಿ ಕೊಡತ್ತೆ. ಹಾಗಾಗಿ ನೀವು ದುಡ್ಡಿನ ಗಡಿ ಮರೆತುಬಿಡಿ, ಮನೆ ಬಿಸಿ ಹಿಡಿದಿರೋವರೆಗೂ ಹೀಟ್ ಪಂಪ್ ಓಡ್ಲಿ, ಪ್ರೊಪೇನ್ ತೀರಾ ಚಳಿ ದಿನಕ್ಕೆ ಇರ್ಲಿ. ಹೊರಗಿನ ಯೂನಿಟ್ಟನ್ನ ಹಿಮ ಬೀಳೋ ಮಟ್ಟಕ್ಕಿಂತ ಮೇಲೆ, ಒಂದು ಒಂದೂವರೆ ಅಡಿ ಸ್ಟ್ಯಾಂಡ್ ಮೇಲೆ ಕೂರಿಸಿ, ಹಿಮದಲ್ಲಿ ಹೂತುಹೋದ್ರೆ ಯಾವ ಮೆಷಿನ್ನಿಗೂ ಉಸಿರಾಡೋಕಾಗಲ್ಲ.

ಪ್ರಶ್ನೆ: ತುಂಬಾ ಚಳಿ ಇದ್ದಾಗ ಹೀಟ್ ಪಂಪು ಫರ್ನೇಸು ಎರಡೂ ಒಟ್ಟಿಗೆ ಓಡಿಸಿದ್ರೆ ಬೇಗ ಬಿಸಿ ಆಗಲ್ವಾ? ಮತ್ತೆ ಒಂಟಾರಿಯೋದವರಿಗೆ ಲೆಕ್ಕ ಹೇಗೆ, ಇಲ್ಲಿ ಕರೆಂಟ್ ದರ ಗಂಟೆಗೊಂದು ಥರ.
— ಓದುಗರು, ಬ್ರಾಂಪ್ಟನ್, ಕೆನಡಾ

ಉತ್ತರ: ಮೇಲೆ ಹೇಳಿದ ಡಿಫ್ರಾಸ್ಟ್ ಹೊತ್ತು ಬಿಟ್ರೆ ಒಟ್ಟಿಗೆ ಓಡಿಸೋ ಹಾಗಿಲ್ಲ. ಮಾಮೂಲಿ ಮನೆಗಳಲ್ಲಿ ಬ್ಲೋವರ್ ಕೆಳಗೆ, ಅದರ ಮೇಲೆ ಫರ್ನೇಸಿನ ಬೆಂಕಿ, ಅದರ ಮೇಲೆ ಹೀಟ್ ಪಂಪಿನ ಕಾಯಿಲ್. ಫರ್ನೇಸ್ ಬಿಸಿ ಮಾಡಿದ 120 ಡಿಗ್ರಿ ಗಾಳಿ ಆ ಕಾಯಿಲ್ ಮೇಲೆ ಹೋದ್ರೆ ಅದು ತನ್ನ ಬಿಸೀನ ಯಾರಿಗೆ ಕೊಡ್ಬೇಕು? ಒಳಗೆ ಒತ್ತಡ ಏರಿ ಕಂಪ್ರೆಸರ್ ಟ್ರಿಪ್ ಆಗತ್ತೆ. ಅದಕ್ಕೇ ಡ್ಯುಯಲ್ ಫ್ಯೂಯಲ್ ಗೊತ್ತಿರೋ ಥರ್ಮೋಸ್ಟಾಟ್ ಬೇಕು, ಒಂದನ್ನ ನಿಲ್ಲಿಸಿ ಇನ್ನೊಂದನ್ನ ಹೊತ್ತಿಸತ್ತೆ.

ಒಂಟಾರಿಯೋದಲ್ಲಿ 2023ರಿಂದ ಅಲ್ಟ್ರಾ ಲೋ ಓವರ್‌ನೈಟ್ ಅನ್ನೋ ಪ್ಲಾನ್ ಇದೆ, ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಕರೆಂಟ್ ತುಂಬಾ ಅಗ್ಗ, ವಾರದ ದಿನ ಸಂಜೆ 4ರಿಂದ 9 ತುಂಬಾ ದುಬಾರಿ. ಹಾಗಾಗಿ ನಿಮಗೆ ಒಂದೇ ಗಡಿ ಇಲ್ಲ, ರಾತ್ರಿಗೊಂದು ಸಂಜೆಗೊಂದು. ರಾತ್ರಿ ಹೀಟ್ ಪಂಪ್ ಎಷ್ಟು ಚಳಿಗೂ ಓಡ್ಲಿ, ಬೆಳಿಗ್ಗೆ 7ಕ್ಕೆ ಮುಂಚೆ ಮನೇನ ಒಂದು ಡಿಗ್ರಿ ಜಾಸ್ತಿ ಬೆಚ್ಚಗೆ ಮಾಡಿಡಿ, ಸಂಜೆ ಹೊತ್ತು ಗ್ಯಾಸಿಗೆ ಬಿಡಿ. ಗ್ಯಾಸ್ ಲೆಕ್ಕ ನಿಮ್ಮಲ್ಲಿ ಕ್ಯೂಬಿಕ್ ಮೀಟರಲ್ಲಿ, ಒಂದು ಕ್ಯೂಬಿಕ್ ಮೀಟರಲ್ಲಿ 10 ಯೂನಿಟ್ ಚಿಲ್ಲರೆ ಶಾಖ. 2025ರ ಏಪ್ರಿಲ್ 1ಕ್ಕೆ ಮನೆಬಳಕೆ ಗ್ಯಾಸ್ ಮೇಲಿನ ಕಾರ್ಬನ್ ಚಾರ್ಜ್ ತೆಗೆದ್ರು, ಅದಕ್ಕೆ ಮುಂಚಿನ ಬಿಲ್ ಇಟ್ಕೊಂಡು ಲೆಕ್ಕ ಹಾಕಿದ್ರೆ ತಪ್ಪಾಗತ್ತೆ, ಹೊಸ ಬಿಲ್ ತಗೊಳಿ. ಪಕ್ಕದ ಕ್ವಿಬೆಕ್‌ನಲ್ಲಿ ಹೈಡ್ರೋ-ಕ್ವಿಬೆಕ್‌ನವರು ಈ ಗಡೀನ ದರದಲ್ಲೇ ಇಟ್ಟಿದಾರೆ. ಎರಡು ಇಂಧನದ ಮನೆಗಳಿಗೆ ಡಿಟಿ ಅಂತ ಒಂದು ದರ, ಊರಿಗೆ ತಕ್ಕ ಹಾಗೆ ಮೈನಸ್ 12 ಅಥವಾ ಮೈನಸ್ 15 ಸೆಲ್ಸಿಯಸ್‌ವರೆಗೆ ಕರೆಂಟ್ ಅಗ್ಗ, ಅದಕ್ಕಿಂತ ಕೆಳಗಾದ್ರೆ ದುಬಾರಿ, ಆಗ ಮನೆಯವರು ಇನ್ನೊಂದು ಇಂಧನಕ್ಕೆ ತಿರುಗ್ತಾರೆ. ಎಲ್ಲರ ಹೀಟರೂ ಒಟ್ಟಿಗೆ ಎಳೆಯೋ ಆ ಕೆಲವು ಗಂಟೆ ಗ್ರಿಡ್ಡಿಗೂ ಉಸಿರು ಸಿಗತ್ತೆ. ಇದು ಬೇರೆ ಕಡೆಯೂ ಬರಬೇಕು ಅಂತ ನನಗೆ ಬಹಳ ಆಸೆ.

ಪ್ರಶ್ನೆ: ಮಗಳು ಅಮೆರಿಕದಿಂದ ಫೋನ್ ಮಾಡಿದಾಗೆಲ್ಲ ಹೀಟ್ ಪಂಪ್ ಹೀಟ್ ಪಂಪ್ ಅಂತಾಳೆ. ಡಿಸೆಂಬರಲ್ಲಿ ನಮಗೂ ಚಳಿ ಆಗತ್ತೆ, ಬೆಂಗಳೂರಿಗೆ ಇದು ಬೇಕಾ?
— ಓದುಗರು, ಜಯನಗರ, ಬೆಂಗಳೂರು

ಉತ್ತರ: ಮನೆ ಬೆಚ್ಚಗಿಡೋಕೆ ಬೇಡ ಸಾರ್. ಬೆಂಗಳೂರಿನ ದಾಖಲೆ ಚಳೀನೇ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರೀಲಿ, ಒಂದು ಸ್ವೆಟರ್, ಒಂದು ಕಂಬಳಿಲಿ ಕಳೆಯೋ ಚಳಿ ಅದು. ಆದ್ರೆ ಸ್ನಾನದ ನೀರಿಗೆ ಹೀಟ್ ಪಂಪ್ ವಾಟರ್ ಹೀಟರ್ ಅಂತ ಬರತ್ತೆ, ನಿಮ್ಮೂರಿನ ಹವಾಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ಗೀಸರ್ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಬಿಸಿ ಕೊಟ್ರೆ ಇದು ಸುಮಾರು ಮೂರು ಕೊಡತ್ತೆ, ಹೊರಗಿನ ಗಾಳಿ ಬೆಚ್ಚಗಿದ್ದಷ್ಟೂ ಇದಕ್ಕೆ ಸುಲಭ. ಮೊದಲ ಖರ್ಚು ಜಾಸ್ತಿ, ಜಾಗಾನೂ ಬೇಕು. ಟೆರೇಸ್ ಮೇಲೆ ಸೋಲಾರ್ ಈಗಾಗ್ಲೇ ಇದ್ರೆ ಅದನ್ನೇ ಇಟ್ಕೊಳಿ, ಅಪಾರ್ಟ್‌ಮೆಂಟಲ್ಲಿ ನಿಮ್ಮ ಪಾಲಿಗೆ ಟೆರೇಸ್ ಇಲ್ಲ, ಮನೇಲಿ ನಾಲ್ಕೈದು ಜನ ದಿನಾ ಬಿಸಿನೀರು ಬಳಸ್ತೀರಿ ಅಂದ್ರೆ ವಿಚಾರಿಸಿ ನೋಡಿ.